ಹೆರಿಗೆಯ ಬಳಿಕದ ರಕ್ತಸ್ರಾವ: ಅಳತೆ ತಿಳಿದರೆ ಜೀವ ಉಳಿದೀತು



ಹಸು ಕರು ಹಾಕಿದರೆ ಮಾಸು ಬೀಳುವವರೆಗೂ ನೀವು ಕೊಟ್ಟಿಗೆ ಬಿಟ್ಟು ಕದಲುವುದಿಲ್ಲ. ಮನೆಯ ಹೆಣ್ಣುಮಗಳ ಹೆರಿಗೆಯಲ್ಲಾದರೋ, ಮಗುವಿನ ಅಳು ಕೇಳಿದೊಡನೆ ಗಂಡಾಂತರ ಕಳೆಯಿತೆಂದು ಭಾವಿಸುವವರೇ ಹೆಚ್ಚು. ಇದು ತಪ್ಪು. ಮಾಸು ಬಿದ್ದ ಮೇಲೆ ಗರ್ಭಕೋಶವು ಮುಷ್ಟಿಯಂತೆ ಬಿಗಿದುಕೊಳ್ಳಬೇಕು. ಸಡಿಲವಾಗಿ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದು.

ಹಳ್ಳಿಯ ದಾದಿಯರಿಗೆ ತರಬೇತಿ ಕೊಟ್ಟರೆ ಇದನ್ನು ತಡೆಯಬಹುದೇ? ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ತಾಯಂದಿರಲ್ಲಿ ಇದರ ಪರೀಕ್ಷೆ ನಡೆಯಿತು. ತರಬೇತಿ ಪಡೆದ ದಾದಿಯರು ಮಗು ಹುಟ್ಟಿದೊಡನೆ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆಯನ್ನೂ, ಹೋಲಿಕೆಗಾಗಿ ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ಕೊಟ್ಟರು. ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಬಾಣಂತಿಯ ಕೆಳಗಿಟ್ಟು ರಕ್ತವನ್ನು ಅಳೆದರು. ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಕಳೆದುಕೊಂಡವರು ಔಷಧ ಪಡೆಯದವರಲ್ಲಿ ನೂರಕ್ಕೆ 12 ಮಂದಿ. ಪಡೆದವರಲ್ಲಿ ಸುಮಾರು 6 ಮಂದಿ.

ಇಲ್ಲಿ ಅಳತೆಯೇ ಮುಖ್ಯ. ಡೇರಿಯಲ್ಲಿ ಹಾಲನ್ನು ಕಣ್ಣಂದಾಜಿನಿಂದ ಯಾರೂ ಬರೆದುಕೊಳ್ಳುವುದಿಲ್ಲ. ಬಟ್ಟೆಯಲ್ಲಿ ಇಂಗಿದ ರಕ್ತವಂತೂ ಕಣ್ಣಿಗೆ ಸಾಮಾನ್ಯವಾಗಿ ಕಡಿಮೆಯಾಗಿಯೇ ಕಾಣುತ್ತದೆ. ಅಳೆದ ದಾದಿಗೆ ಅಪಾಯ ಬೇಗ ತಿಳಿಯುತ್ತದೆ. ಆಗ ಆಕೆ ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ನೀವಿ ಬಿಗಿಗೊಳಿಸುತ್ತಾಳೆ, ಔಷಧ ಕೊಡುತ್ತಾಳೆ, ತಡಮಾಡದೆ ವೈದ್ಯರನ್ನು ಕರೆಸುತ್ತಾಳೆ. ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಇಂಥ ಚೀಲ ಮತ್ತು ಈ ಬಗೆಯ ತರಬೇತಿ ಕೊಟ್ಟಾಗ ತೀವ್ರ ರಕ್ತಸ್ರಾವ ಅರ್ಧಕ್ಕಿಂತಲೂ ಕೆಳಗಿಳಿಯಿತೆಂದು 2023ರಲ್ಲಿ ಪ್ರಕಟವಾಗಿದೆ.

ಆದರೆ ಕಲಿತ ದಾದಿಯ ಬಳಿಗೆ ತಾಯಿ ತಲುಪದಿದ್ದರೆ ಆ ವಿದ್ಯೆ ವ್ಯರ್ಥ. ಆ ಭಾಗ ನಿಮ್ಮದು:

1. ಹೆರಿಗೆಯನ್ನು ಆಸ್ಪತ್ರೆಯಲ್ಲಿಯೇ ಮಾಡಿಸಿರಿ. ವೈದ್ಯರು ಹೇಳುವವರೆಗೆ ಬಾಣಂತಿಯನ್ನು ಮನೆಗೆ ಕರೆತರಬೇಡಿರಿ.

2. ದಿನ ತುಂಬುವ ಮೊದಲೇ ವಾಹನವನ್ನೂ, ರಕ್ತ ಕೊಡಬಲ್ಲ ಇಬ್ಬರನ್ನೂ ಗೊತ್ತುಮಾಡಿಕೊಂಡಿರಿ.

3. ಬಟ್ಟೆ ಬೇಗಬೇಗನೆ ತೊಯ್ದರೆ, ತಲೆ ಸುತ್ತಿದರೆ, ಮೈ ತಣ್ಣಗೆ ಬೆವರಿದರೆ ಕೂಡಲೇ ದಾದಿಗೆ ತಿಳಿಸಿರಿ. ಮನೆಗೆ ಬಂದ ಮೇಲಾದರೆ 108ಕ್ಕೆ ಕರೆಮಾಡಿರಿ. ಹಿರಿಯರ ಒಪ್ಪಿಗೆಗಾಗಲಿ, ಹಣ ಹೊಂದಿಸುವುದಕ್ಕಾಗಲಿ ಕಾಯತಕ್ಕದ್ದಲ್ಲ.

4. ಮೇಲೆ ಹೇಳಿದ ಮಾತ್ರೆಯನ್ನು ನೀವಾಗಿ ತಂದು ಕೊಡಕೂಡದು. ಹೆರಿಗೆಗೆ ಮುಂಚೆ ಕೊಟ್ಟರೆ ಗರ್ಭಕೋಶವೇ ಹರಿದೀತು.

ಮಳೆ ಬರುವ ಮುನ್ನ ಬಿತ್ತನೆ ಬೀಜ ಸಿದ್ಧಪಡಿಸಿಕೊಳ್ಳುವ ನಿಮಗೆ ಈ ಸಿದ್ಧತೆ ಕಷ್ಟವಲ್ಲ. ನಿಮ್ಮ ಮನೆಯಲ್ಲಿ ಗರ್ಭಿಣಿಯಿದ್ದರೆ ಇಂದೇ ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಕಂಡು ಮಾತನಾಡಿರಿ.