ಟೇಪಿನ ‘ಸ್ಸ್’ ಸದ್ದು ಕಳೆದುಹೋಗದಿರಲಿ

ಲೋ-ಫೈ ಇಂಡೀ ಪಾಪ್ ಕೇಳೋರಿಗೆ ಹಾಡಿನ ಹಿಂದಿನ ‘ಸ್ಸ್’ ಸದ್ದು ಗೊತ್ತೇ ಇರುತ್ತೆ. 1979ರಲ್ಲಿ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ ಬಂದಮೇಲೆ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ರೆಕಾರ್ಡಿಂಗ್ ಮನೆಯಲ್ಲೇ ಸಾಧ್ಯವಾಯಿತು. ಡೇನಿಯಲ್ ಜಾನ್‌ಸ್ಟನ್ ಅಂತೂ ಸಾದಾ ಕ್ಯಾಸೆಟ್ ರೆಕಾರ್ಡರಿನಲ್ಲೇ ಹಾಡಿಟ್ಟು, 1980ರ ದಶಕದಲ್ಲಿ ಅಮೆರಿಕದ ಆಸ್ಟಿನ್ ಊರಲ್ಲಿ ಸಿಕ್ಕವರ ಕೈಗೆ ಟೇಪ್ ಕೊಡ್ತಿದ್ದರು.

ಇಂಥ ಹಾಡನ್ನು ವೈಟ್‌ಫೀಲ್ಡ್ ಪಿಜಿಯ ಗೆಳೆಯನಿಗೆ ಕಳಿಸುವಾಗ ತೊಂದರೆ ಶುರು. ಸಿಡಿಗೆ ಸೆಕೆಂಡಿಗೆ 44,100 × 16 × 2, ಅಂದರೆ ಸುಮಾರು 1,411 ಕಿಲೋಬಿಟ್ ಬೇಕು. 128 ಕಿಲೋಬಿಟ್ಟಿನ ಎಂಪಿ3 ಅದರ ಹನ್ನೊಂದರಲ್ಲಿ ಒಂದು ಪಾಲು. ಕೊಳಲಿನ ಉದ್ದ ಸ್ವರಕ್ಕೆ ಅಷ್ಟು ಸಾಕು, ಮುಂದೇನು ಅಂತ ಊಹಿಸಬಹುದಲ್ಲ! ಟೇಪಿನ ಸದ್ದು ಹಾಗಲ್ಲ, ಪೂರ್ತಿ ರ‍್ಯಾಂಡಮ್ (ಸಿಗ್ನಲ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ನೆನಪಿರುತ್ತೆ). ಅದಕ್ಕೆ ಬಿಟ್ ಸಾಲೋದಿಲ್ಲ. ಎಂಪಿ3ಯಿಂದ ಮತ್ತೆ ಎಂಪಿ3 ಮಾಡಿದಷ್ಟೂ ಅದು ನೀರೊಳಗಿನ ಗುಳುಗುಳು ಆಗುತ್ತೆ, ಜೊತೆಗೆ ದನಿಯೂ ಕೆಡುತ್ತೆ.

ಹೆಸರಾದ ಆಲ್ಬಮ್ ಆದರೆ ಒಳ್ಳೆಯ ಕಾಪಿ ಬೇರೆಲ್ಲೋ ಸಿಗುತ್ತೆ. ಯಾರೂ ಗಮನಿಸದ ಆಲ್ಬಮ್ಮಿಗೆ ನಿಮ್ಮ ಹತ್ತಿರದ್ದೇ ಕೊನೆಯ ಕಾಪಿ ಇರಬಹುದು. ಅದಕ್ಕೇ ಕ್ಯಾಸೆಟ್ಟಿನಿಂದ ಮೊದಲು ಫ್ಲ್ಯಾಕ್ ಫೈಲ್ ಮಾಡಿಡಿ, ನಾಯ್ಸ್ ರಿಡಕ್ಷನ್ ಮುಟ್ಟಬೇಡಿ. ಕಲಾವಿದರೇ ಮಾರ್ತಿದ್ದರೆ ಫೈಲ್ ಬದಲು ಲಿಂಕ್ ಕಳಿಸಿ. ಇಲ್ಲದಿದ್ದರೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಹೋಗಲಿ, ಸ್ಟೇಟಸ್ ಆಗಿ ಬೇಡ. ಫೈಲಿನ ಹೆಸರಲ್ಲಿ ಹಾಡಿದವರು, ವರ್ಷ ಎರಡೂ ಇರಲಿ. ‘ಆಡಿಯೋ ಫೈನಲ್ 2’ ಅಂತಿದ್ದರೆ ಯಾರ ಹಾಡು ಅಂತ ಹುಡುಕೋದು?