ಸೂಜಿ ಬೇಡ ಅನ್ನೋ ಮುಂಚೆ

ಗುಂಜಹಳ್ಳಿಯ ಬಸುರಿ ತಂಗಿಯರೇ, ಆಶಾ ಅಕ್ಕ ಧನುರ್ವಾಯು ತಡೆಯುವ ಟಿಡಿ ಇಂಜೆಕ್ಷನ್‌ಗೆ ಕರೆದಾಗ ಮನಸ್ಸು ಅಳುಕುವುದು ಸಹಜ. ಹೊಟ್ಟೆಯೊಳಗಿನ ಕೂಸಿಗೆ ಏನಾದರೂ ಆದರೆ? ಈ ಭಯವನ್ನು ಯಾರೂ ಬೈದು ಬಾಯಿ ಮುಚ್ಚಿಸಬಾರದು. ಆದರೆ ಪ್ರಶ್ನೆಯನ್ನು ವಾಟ್ಸಾಪಿಗೆ ಕೇಳಬೇಡಿ, ನರ್ಸಮ್ಮನಿಗೆ ಕೇಳಿ.

ಧನುರ್ವಾಯುವಿನ ರೋಗಾಣು ನಮ್ಮ ಹೊಲದ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಹೊಕ್ಕುಳ ಬಳ್ಳಿ ಕತ್ತರಿಸಿದ ಗಾಯದಿಂದ ಒಳಹೊಕ್ಕರೆ ಹಸುಗೂಸು ಹಾಲು ಕುಡಿಯಲಾರದೆ ಸೆಟೆದುಕೊಳ್ಳುತ್ತದೆ. ಲಸಿಕೆಯಿಂದ ತಾಯಿಯ ರಕ್ತದಲ್ಲಿ ಹುಟ್ಟುವ ರಕ್ಷಣೆ ಕೂಸಿಗೂ ಇಳಿಯುತ್ತದೆ. 2015ರಲ್ಲಿ ಭಾರತ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದಿದ್ದು ಮುಖ್ಯವಾಗಿ ಧನುರ್ವಾಯು ಲಸಿಕೆ ಮತ್ತು ಆಸ್ಪತ್ರೆ ಹೆರಿಗೆಯಿಂದ. ಈಗಿನ ಟಿಡಿಯಲ್ಲಿ ಗಂಟಲಮಾರಿಗೂ ತಡೆಯಿದೆ.

ಬಸುರಿ ಎಂದು ಗೊತ್ತಾದ ಕೂಡಲೇ ಮೊದಲನೆಯದು, 4 ವಾರದ ನಂತರ ಎರಡನೆಯದು. ಹಿಂದಿನ ಬಸಿರಲ್ಲಿ ಎರಡೂ ಪಡೆದು 3 ವರ್ಷ ಆಗಿರದಿದ್ದರೆ ಒಂದೇ ಸಾಕು. ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು. ಒಂದೆರಡು ದಿನಕ್ಕೆ ಇಳಿಯುತ್ತದೆ. ದಡಾರ–ರುಬೆಲ್ಲಾದಂಥ ಕೆಲವು ಲಸಿಕೆ ಬಸುರಿಯರಿಗೆ ಕೊಡುವುದಿಲ್ಲ, ಅದೂ ನಿಜ. ಅದಕ್ಕೇ ಯಾವ ಸೂಜಿ, ಯಾಕೆ ಎಂದು ಹೆಸರು ಹಿಡಿದು ಕೇಳಿ.

ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರ ಉಚಿತ ತಪಾಸಣೆ ಇರುತ್ತದೆ. ಅತ್ತೆಯನ್ನೂ ಜೊತೆಗೆ ಕರೆದೊಯ್ಯಿರಿ, ಅವರ ಅನುಮಾನವೂ ಅಲ್ಲೇ ಬಗೆಹರಿಯಲಿ. ಗುಳೆ ಹೋಗುವುದಾದರೆ, ಹೆರಿಗೆಗೆ ತವರಿಗೆ ಹೊರಟರೆ, ತಾಯಿ ಕಾರ್ಡ್ ಬಟ್ಟೆಗಂಟಿನಲ್ಲಿರಲಿ. ಅದನ್ನು ನೋಡಿಯೇ ಅಲ್ಲಿನ ನರ್ಸ್ ಮುಂದಿನ ಡೋಸ್ ಕೊಡುತ್ತಾರೆ.