ಅಜ್ಜಿಯ ಪದ, ಕೆಂಪು ಮೀಟರ್

ಯಲಹಂಕದ ನಮ್ಮ ಮನೆಯಲ್ಲಿ ಸೋಬಾನೆ ಪದ ಹಿಡಿದಿಡಲು ಮಲ್ಟಿಟ್ರ್ಯಾಕ್ ರೆಕಾರ್ಡರ್ ತಂದಿದ್ದೆ. ಅಜ್ಜಿಗೊಂದು ಟ್ರ್ಯಾಕ್, ಸೊಲ್ಲು ಹೇಳುವ ದೊಡ್ಡಮ್ಮನಿಗೊಂದು. ಮೊದಲ ಸಲ ಎಲ್ಲಾ ಹಾಳಾಯ್ತು. ಅಜ್ಜಿಯ ಮೀಟರ್ ಕೆಂಪಾಗಿದ್ದನ್ನು ನಾನು ನೋಡಲೇ ಇಲ್ಲ.

ಲೆವೆಲ್ ಮೀಟರ್: ಡಿಜಿಟಲ್‌ನಲ್ಲಿ 0 ಡಿಬಿ ಅಂದ್ರೆ ಚಾವಣಿ. ಅದನ್ನು ದಾಟಿದ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಆಮೇಲೆ ಫೇಡರ್ ಇಳಿಸಿದರೆ ಸದ್ದು ಕಮ್ಮಿಯಾಗುತ್ತೆ, ಆದರೆ ಹೋದ ತುದಿ ವಾಪಸ್ ಬರಲ್ಲ. ಹಾಗಾಗಿ ಎಲ್ಲಕ್ಕಿಂತ ಜೋರಾದ ಸಾಲನ್ನು ಮೊದಲು ಹಾಡಿಸಿ, ಮೀಟರ್ -12ರ ಹತ್ತಿರ ನಿಲ್ಲುವಂತೆ ಇನ್‌ಪುಟ್ ಗೇನ್ ಇಡಿ. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಅಷ್ಟು ಜಾಗ ಬಿಟ್ಟರೆ ಏನೂ ನಷ್ಟವಿಲ್ಲ.

ಮಾರ್ಕ್: ಪ್ರತಿ ಪದ ಶುರುವಾದಾಗ ಮಾರ್ಕ್ ಬಟನ್ ಒತ್ತಿ. ಒತ್ತುವ ಸದ್ದು ಬೀಳದಂತೆ ಮೈಕ್ ದೂರವಿರಲಿ. ನಮ್ಮ ಕಡೆ ವಾಯುನೆಲೆಯ ವಿಮಾನ ಹಾರುತ್ತಲೇ ಇರುತ್ತೆ. ಆಗಲೂ ಒತ್ತಿ, ನೋಟ್‌ಬುಕ್‌ನಲ್ಲಿ "ಮಾರ್ಕ್ 3, ವಿಮಾನ" ಅಂತ ಬರೆದುಕೊಂಡೆ. ಹಾಡು ನಿಲ್ಲಿಸಬೇಕಿಲ್ಲ, ಲಯ ತಪ್ಪಲ್ಲ. ಕೊನೆಗೆ ನೇರ ಆ ಮಾರ್ಕ್‌ಗೆ ಜಿಗಿದು ಕೇಳಿ, ಕೆಟ್ಟ ಸಾಲನ್ನಷ್ಟೇ ಮತ್ತೆ ಹಾಡಿಸಿದೆ.

ಎರಡನೇ ಸಲ ಕೂತಾಗ ಅಜ್ಜಿಗೆ ಅರ್ಧಕ್ಕೇ ಉಸಿರು ಕಟ್ಟುತ್ತಿತ್ತು. "ಈ ಸಲನಾದ್ರೂ ಸರಿಯಾಗಿ ಹಿಡ್ಕೊಳ್ಳೋ" ಅಂದ್ರು. ಹಿಡ್ಕೊಂಡೆ. ಮೂರನೇ ಸಲ ಕೇಳೋ ಧೈರ್ಯ ನನಗಿರಲಿಲ್ಲ.